ಒಗೆಯದ ನೈಟಿ

ಜೂನ್ 3, ಸೋಮವಾರ

ಬಾಟಲ್ ಕುದಿಸಿಟ್ಟೆ. ಮಗಳ ಡಬ್ಬಿ ಕಟ್ಟಿದೆ. ಪುಟ್ಟನ ಬಟ್ಟೆ ನೆನೆಹಾಕಿದೆ. ಅವಳ ಹೆರಿಗೆ ರಜೆ ನಿನ್ನೆಗೆ ಮುಗಿಯಿತು, ಇಂದಿನಿಂದ ಮತ್ತೆ ಲ್ಯಾಬಿಗೆ. ಬಂದವರ ತೋಳಿಗೆಲ್ಲ ಸೂಜಿ ಚುಚ್ಚಿ ರಕ್ತ ತೆಗೆಯುವವಳು, ಚಪ್ಪಲಿ ಮೆಟ್ಟಲು ಕಾಲು ಬಾರದೆ ಬಾಗಿಲಲ್ಲೇ ನಿಂತಿದ್ದಳು. ಹೋಗೇ, ನಾನಿಲ್ವಾ ಎಂದು ಅಟ್ಟಿದೆ.

ಪುಟ್ಟ ಬಾಟಲ್ ಮುಟ್ಟಲಿಲ್ಲ. ತುಟಿ ಬಿಗಿಹಿಡಿದುಬಿಟ್ಟ. ಅವಳು ಬರುವವರೆಗೆ ಅತ್ತ.

ಜೂನ್ 4, ಮಂಗಳವಾರ

ಇಂದೂ ಅದೇ ರಂಪ. ಸದ್ದು ಕೇಳಿ ಪಕ್ಕದ ಮನೆಯಾಕೆ ಬಂದು ಉಪಾಯ ಹೇಳಿದಳು: ತಾಯಿ ರಾತ್ರಿ ತೊಟ್ಟ ನೈಟಿ ಒಗೆಯದೆ ಹಾಗೇ ಮೇಲೆ ಹಾಕಿಕೊಳ್ಳಿ, ವಾಸನೆ ಹಿಡಿದು ಕುಡಿಯುತ್ತಾನೆ ಎಂದು. ನನ್ನ ಮೈಗೆ ಅದು ಬಿಗಿ, ಹೊಲಿಗೆ ಪಟಪಟ ಅಂದಿತು. ಆದರೂ ತೂರಿಕೊಂಡೆ. ಪುಟ್ಟ ಎದೆಗೆ ಮೂಗೊತ್ತಿ ಕಣ್ಣು ಮುಚ್ಚಿದ. ಬಾಟಲ್ ಖಾಲಿ.

ದೇವರು ದೊಡ್ಡವನು. ಮಗಳಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಮೂಗೆಳೆಯುವ ಸದ್ದು.

ಇನ್ನು ದಿನಾ ಬೆಳಿಗ್ಗೆ ನೈಟಿ ಬಾಗಿಲ ಹಿಂದಿನ ಮೊಳೆಗೆ ತಗುಲಿಸಿ ಹೋಗುತ್ತಾಳಂತೆ.

ಜೂನ್ 14, ಶುಕ್ರವಾರ

ಊಟಕ್ಕೆ ಕೂತಾಗ ಅಳಿಯನ ಹಾಸ್ಯ. ಇವನೇ ಮನೆಗೆ ಬಾಸು, ಅತ್ತೆ ಪಿ.ಎ., ನಾವಿಬ್ಬರೂ ಟೆಂಪರರಿ. ನಕ್ಕೆವು. ನಗುವಿನ ಬೆನ್ನಿಗೇ ಇನ್ನೊಂದು ಮಾತು — ಡೇಕೇರ್‌ನಲ್ಲಿ ಹೆಸರು ಬರೆಸಿದೀನಿ, ಜಾಗ ಸಿಕ್ಕರೆ ಅತ್ತೆಗೂ ಬಿಡುವು, ಮಗನ ಮನೇಲಿ ಆರಾಮಾಗಿರಬಹುದು.

ಆರಾಮು. ಅಲ್ಲಿ ನನಗೆ ನಡುಮನೆಯ ಸೋಫಾ, ಸೊಸೆ ಟಿವಿ ಆರಿಸಿದ ಮೇಲೆ ನಿದ್ದೆ. ಒಂದು ಲೋಟ ತೆಗೆದರೂ ಯಾಕೆ ಅನ್ನುತ್ತಾಳೆ. ಇಲ್ಲಿ ಬಾಗಿಲಿರುವ ಕೋಣೆ. ಎದೆಯ ಮೇಲೆ ಪುಟ್ಟನ ಉಸಿರು.

ಜೂನ್ 17, ಸೋಮವಾರ

ಮಗಳು ಗೇಟು ದಾಟಿದ ಕೂಡಲೇ ನೈಟಿ ಸೋಪಿನ ನೀರಿಗೆ ಹಾಕಿದೆ. ಕೊಳೆಯಾಗಿತ್ತು, ಅಷ್ಟೆ. ನನ್ನ ಹಳೇ ಶಾಲು ಹೊದ್ದು ಪುಟ್ಟನನ್ನು ಎತ್ತಿಕೊಂಡೆ. ರಚ್ಚೆ ಹಿಡಿದ, ಮುಖ ಆ ಕಡೆ ಈ ಕಡೆ ತಿರುಗಿಸಿ ಹುಡುಕಿದ. ಕೊನೆಗೆ ಹಸಿವು ತಾಳದೆ ಕುಡಿದ. ಸಂಜೆಯೊಳಗೆ ನೈಟಿ ಒಣಗಿಸಿ ಮತ್ತೆ ಮೊಳೆಗೆ ತಗುಲಿಸಿದೆ.

ಕುಡಿದನಾ ಎಂದು ಸಂಜೆ ಕೇಳಿದಳು. ಹೂಂ ಎಂದೆ. ಸುಳ್ಳಲ್ಲ.

ಜೂನ್ 27, ಗುರುವಾರ

ಈಗ ಶಾಲಿನ ತುದಿ ಹಿಡಿಯದೆ ಮಲಗುವುದಿಲ್ಲ ನನ್ನ ರಾಜ.

ಮಗಳು ಬಂದು ಕೈ ಚಾಚಿದರೆ ನನ್ನ ಕುತ್ತಿಗೆಗೆ ಮುಖ ಒತ್ತುತ್ತಾನೆ. ಅವಳ ಎದೆ ಹಾಲು ಕಟ್ಟಿ ಕಲ್ಲಾಗಿದೆ. ಲ್ಯಾಬಿನ ಸ್ಟೋರ್ ರೂಮಿನಲ್ಲಿ ಹಿಂಡಿ ಸಿಂಕಿಗೆ ಚೆಲ್ಲುತ್ತಾಳಂತೆ. ಸ್ಯಾಂಪಲ್ ಫ್ರಿಜ್ಜಿನಲ್ಲಿ ಹಾಲು ಇಡಕೂಡದೆಂದು ಮೇಲಿನವರ ಆರ್ಡರ್.

"ನನ್ನ ಕಂಡ್ರೆ ಯಾಕಮ್ಮ ಇವನಿಗೆ ಆಗಲ್ಲ?"

"ನಿನ್ನ ಮೈಯೆಲ್ಲಾ ಸ್ಪಿರಿಟ್ ವಾಸನೆ ಕಣೇ. ಕೂಸು ಏನು ಮಾಡುತ್ತೆ?"

ಬಚ್ಚಲಿಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ತೋಳು ಉಜ್ಜಿ ಉಜ್ಜಿ ಕೆಂಪಾಗಿತ್ತು. ಬಂದು ಕೈ ಚಾಚಿದಳು. ಪುಟ್ಟ ಕಿರುಚಿದ.

ಜುಲೈ 11, ಗುರುವಾರ

ಹಾಲು ನಿಂತಿತು. ನಲ್ಲಿಯಲ್ಲಿ ನೀರು ನಿಂತಿತು ಎನ್ನುವ ಹಾಗೆ ಹೇಳಿ ಡಬ್ಬಿ ತೊಳೆಯಲು ಹೋದಳು. ಬೆನ್ನು ಸವರಿದೆ. ನನ್ನೊಳಗೆ ಏನೋ ಕಾಲು ಚಾಚಿ ಕೂತ ಹಾಗಾಯಿತು.

ದೇವರಿಗೆ ಕೈ ಮುಗಿದೆ. ಯಾವುದಕ್ಕೆ ಎಂದು ಬಿಡಿಸಿ ಹೇಳಲಿಲ್ಲ. ಅವನಿಗೆ ಗೊತ್ತು.

ಜುಲೈ 14, ಭಾನುವಾರ

ಡೇಕೇರ್‌ನಲ್ಲಿ ಜಾಗ ಸಿಕ್ಕಿತಂತೆ. ನಾಳೆಯಿಂದಲೇ. ನನಗೂ ಮಗನ ಊರಿಗೆ ಬಸ್ ಟಿಕೆಟ್ ಮಾಡಿದ್ದಾನೆ ಅಳಿಯ, ನಾಳೆ ಸಂಜೆಗೆ. ಕಿಟಕಿ ಪಕ್ಕದ ಸೀಟು ಅತ್ತೆ ಎಂದ. ಉಪಕಾರ.

ಮಗಳು ಪಕ್ಕ ಬಂದು ಕೂತಳು.

"ಅಮ್ಮ, ನಿನ್ನ ಶಾಲು ಕೊಟ್ಟಿರು. ಒಗೀಬೇಡ. ಅಲ್ಲಿನ ಆಯಾ ಅದನ್ನ ಹೊದ್ಕೊಂಡು ಕುಡಿಸ್ತಾಳಂತೆ. ನನ್ನ ನೈಟಿ ಕೊಟ್ರೆ ಈಗ ಅವನು ಮೂಸೋದೂ ಇಲ್ಲ."

ಆಗಲಿ ಎಂದೆ.

ಅವರು ಮಲಗಿದ ಮೇಲೆ ಶಾಲು ಬಕೆಟ್ಟಿಗೆ ಹಾಕಿದೆ. ಸೋಪು ಜಾಸ್ತಿಯೇ ಬಿತ್ತು.

ಜುಲೈ 15, ಸೋಮವಾರ

ಇಸ್ತ್ರಿ ಮಾಡಿ, ಮಡಚಿ, ಪುಟ್ಟನ ಬ್ಯಾಗಿನಲ್ಲಿಟ್ಟಿದ್ದೆ. ಬಾಗಿಲ ಬಳಿ ಮಗಳು ಅದನ್ನು ತೆಗೆದು ಮೂಗಿಗೆ ಹಿಡಿದಳು. ಬಾಗಿಲ ಹಿಂದಿನ ಮೊಳೆ ನೋಡಿದಳು. ಶನಿವಾರ ಅವಳು ಹೋದ ಮೇಲೆ ಒಗೆದು ತಗುಲಿಸಿದ ನೈಟಿ ಇನ್ನೂ ಅಲ್ಲೇ ತೂಗುತ್ತಿತ್ತು. ಅದನ್ನೂ ಮೂಸಿದಳು.

"ಇದನ್ನೂ ಒಗೀತಿದ್ಯಾ, ಅಮ್ಮ?"

ನಾನು ಪುಟ್ಟನ ಟೋಪಿ ಸರಿಮಾಡಿದೆ. ಶಾಲು ಕುರ್ಚಿಯ ಮೇಲಿಟ್ಟು, ಪುಟ್ಟನನ್ನು ನನ್ನ ಕೈಯಿಂದ ಕಿತ್ತುಕೊಂಡು ಹೊರಟಳು. ಅವನು ಬೀದಿ ತಿರುಗುವವರೆಗೂ ನನ್ನ ಕಡೆಗೇ ಕೈ ಚಾಚಿದ್ದ.

ಮಧ್ಯಾಹ್ನ

ನನ್ನ ಬ್ಯಾಗು ಬಾಗಿಲಲ್ಲಿದೆ. ದೇವರ ಮುಂದೆ ಕೂತಿದ್ದೇನೆ, ಫೋನು ಮಡಿಲಲ್ಲಿ. ಕೂಸು ಅಳಲಿ ಎಂದು ಬೇಡುತ್ತಿಲ್ಲ, ಅಂಥ ಪಾಪಿಯಲ್ಲ ನಾನು. ಫೋನ್ ಬರಲಿ ಎಂದಷ್ಟೇ. ಅವನ ಹಾಲಿನ ಹೊತ್ತು ದಾಟಿತು. ಈಗ ತುಟಿ ಬಿಗಿಹಿಡಿದಿರುತ್ತಾನೆ. ಆಯಾ ಬಾಟಲ್ ಒತ್ತುತ್ತಿರುತ್ತಾಳೆ... ಗಂಟಲು ಒಣಗಿರುತ್ತದೆ ನನ್ನ ರಾಜನಿಗೆ.

ಎದ್ದು ಶಾಲು ಹೊದ್ದುಕೊಂಡೆ. ಮೈ ಬೆವರಲಿ, ವಾಸನೆ ಮತ್ತೆ ಹಿಡಿಯಲಿ. ಬ್ಯಾಗಿನ ಜಿಪ್ ಎಳೆದು ಒಂದು ಜೊತೆ ಬಟ್ಟೆ ಹೊರಗಿಟ್ಟೆ. ಇಟ್ಟರೇನು ತಪ್ಪು, ಹೇಗೂ ಫೋನ್ —