ಗೋಲು ಹೊಡೆದವರ ಹೆಸರು ಮೊದಲು

ಏಪ್ರಿಲ್ 16, ಬುಧವಾರ

ಇಡೀ ದಿನ ಆಫೀಸಿನ ಫೋನ್ ಸದ್ದಾದಾಗಲೆಲ್ಲ ನಾನೇ ಓಡಿ ಎತ್ತಿದೆ. ಕೊಡವ ಮನೆತನಗಳ ತಂಡಗಳು ಆಡುವ ಕುಟುಂಬ ಹಾಕಿಯ ವರದಿ ಅತಿಥಿಗಳ ಪಟ್ಟಿಯಿಂದಲೇ ಶುರುವಾಗುವುದು ನಮ್ಮ ಪತ್ರಿಕೆಯ ವಾಡಿಕೆ. ನಿನ್ನೆ ನಾನು ಸ್ಕೋರನ್ನು ಮೇಲೆ ತಂದೆ. ತಂಡದವರಿಗೆಲ್ಲ ಒಂದೇ ಮನೆಹೆಸರು. ಅದಕ್ಕೇ ಗೋಲು ಹೊಡೆದವರ ಸ್ವಂತ ಹೆಸರನ್ನೂ ಬರೆದೆ. ಜಾಗ ಸಾಲದೆ ಮುಖ್ಯ ಅತಿಥಿಯ ಹೆಸರೇ ಬಿಟ್ಟುಹೋಯಿತು. ಅವರೇನಾದರೂ ಬೈದರೆ ಮತ್ತೆ ಹಳೆಯ ಕ್ರಮವೇ ಎಂದಿದ್ದರು ಸಂಪಾದಕರು.

ಸಂಜೆ ಹುದಿಕೇರಿಯಿಂದ ಆ ಅತಿಥಿಯೇ ಫೋನ್ ಮಾಡಿದರು. ನಾನು ಗಡಿಬಿಡಿಯಲ್ಲಿ ಕ್ಷಮೆ ಕೇಳಿದೆ.

"ಅದ್ ಬಿಡಿ ಮಾರಾಯ್ರೆ. ಮೊಮ್ಮಗಳು ತುಳಸಿ ಗೋಲ್ ಹೊಡ್ದದ್ದು ಬಂದುಂಟಲ್ಲ, ಇನ್ನೂ ಹತ್ತು ಪೇಪರ್ ಬೇಕಿತ್ತು. ಇಷ್ಟು ವರ್ಷ ನನ್ ಹೆಸ್ರು ಬಂದದ್ದು ಒಂದನ್ನೂ ನನ್ ಹೆಂಡ್ತಿ ಎತ್ತಿಟ್ಟಿಲ್ಲ. ಇದನ್ನ ಬೆಳಿಗ್ಗೆಯೇ ಕತ್ತರಿಸಿ ಗೋಡೆಗೆ ಅಂಟಿಸಿಯಾಯ್ತು!"

ಅಬ್ಬಾ! ಹತ್ತಲ್ಲ, ಇಪ್ಪತ್ತು ತೆಗೆದಿಟ್ಟಿದ್ದೇನೆ.