ಎರಡು ತುಂಡಿನ ಪದಗಳು

ರಿವರ್‌ಸೈಡ್, ನೈರೋಬಿ
೧೩ ಜುಲೈ ೨೦೧೪

ಪ್ರೀತಿಯ ಲೀಲಾ,

ನಿನ್ನ ಪತ್ರ ಬಂದು ತಿಂಗಳಾಯಿತು. ಅಕ್ಕ ಮರೆತಳು ಎಂದುಕೊಳ್ಳಬೇಡ. ಬರೆಯಲು ಕೂತರೆ ಮೊದಲ ಸಾಲಿಗೇ ಕೈ ನಿಲ್ಲುತ್ತಿತ್ತು. ಇಲ್ಲಿ ಈಗ ಚಳಿ, ಬಿಸಿಲು ಕಂಡು ವಾರವಾಯಿತು. ಚಿನ್ಮಯನ ಪರೀಕ್ಷೆ ಮುಗಿಯಿತು.

ಪಾರ್ಶ್ವವಾಯು ಬಡಿದ ಮೇಲೆ ನಿನ್ನ ಭಾವನ ಬಲಗೈ ಇನ್ನೂ ಏಳುತ್ತಿಲ್ಲ. ಆದರೆ ಮಾತು ಬಂದಿದೆ. ಕನ್ನಡವಲ್ಲ, ಇಂಗ್ಲಿಷೂ ಅಲ್ಲ. ನನ್ನನ್ನು ಮದುವೆಯಾಗುವ ಮೊದಲು ನಾರ್ವೆಯಲ್ಲಿ ದಂತವೈದ್ಯಕೀಯ ಓದಿದರಲ್ಲ, ಆ ಭಾಷೆ. ಮಾತಿನ ಚಿಕಿತ್ಸೆಗೆ ಬರುವ ಜೋಸೆಫ್, ಉಳಿದಿರುವ ಎಳೆಯನ್ನೇ ಹಿಡಿಯಿರಿ, ಮಿಕ್ಕದ್ದು ಅದರ ಹಿಂದೆ ಬಂದೀತು ಎಂದರು. ಹಾಗಾಗಿ ಈ ವಯಸ್ಸಿನಲ್ಲಿ ನಾನು ನಾರ್ವೇಜಿಯನ್ ಕಲಿಯುತ್ತಿದ್ದೇನೆ. ಮೇಲಿನ ಫ್ಲ್ಯಾಟಿನ ಮಾರಿಟ್ ನನ್ನ ಗುರು. ನಾರ್ವೆಯವರು, ನರ್ಸ್ ಆಗಿ ನಿವೃತ್ತರಾದವರು.

ಕಸುಬಿನ ಪದಗಳಿಂದ ಶುರು ಮಾಡಿದೆವು. ಅವು ಹೆಚ್ಚಾಗಿ ಎರಡು ತುಂಡಿನವು. ಒಂದನ್ನು ನಾನು ಹೇಳಿದರೆ ಇನ್ನೊಂದನ್ನು ನಿನ್ನ ಭಾವ ಸೇರಿಸಬಹುದು. 'ತನ್' ಹಲ್ಲು, 'ಲೇಗೆ' ವೈದ್ಯ. ಸೇರಿದರೆ ನಿನ್ನ ಭಾವ. ಬೆಂಕಿ ಆರಿಸುವವನು 'ಬ್ರನ್‌ಮನ್'. ಸೂಲಗಿತ್ತಿ 'ಯೂರ್‌ಮೂರ್', ಭೂಮಿಯೂ ತಾಯಿಯೂ ಸೇರಿದ ಪದ. ಅದನ್ನು ಒಂದಿಡೀ ದಿನ ಬಾಯಲ್ಲಿಟ್ಟುಕೊಂಡು ಓಡಾಡಿದೆ. ನರ್ಸಿಗೆ 'ಸ್ಯೂಕೆಪ್ಲೈಯರ್', ರೋಗಿಯ ಆರೈಕೆ ಮಾಡುವವಳು. ಅದರ ಮೊದಲ ಸ್ವರ ನನಗೆ ಒಲಿಯಲೇ ಇಲ್ಲ; ತುಟಿಯನ್ನು 'ಊ'ಗೆ ದುಂಡಗೆ ಮಾಡಿಕೊಂಡು 'ಈ' ಅನ್ನಬೇಕಂತೆ. ನೀನು ಎರಡು ತುಂಡಿಗೂ ಒಂದೇ ತೂಕ ಹಾಕುತ್ತೀ ಎಂದು ಮಾರಿಟ್ ನಕ್ಕರು. ಒತ್ತು ಮೊದಲನೆಯದಕ್ಕೆ, ಎರಡನೆಯದು ಅದರ ಕೈ ಹಿಡಿದು ಬರಬೇಕು, ನಡುವೆ ಉಸಿರು ಬಿಡಕೂಡದು.

"ತನ್" ಎಂದು ನಿಲ್ಲಿಸುತ್ತೇನೆ. ನಿನ್ನ ಭಾವ ಕಣ್ಣು ಮುಚ್ಚಿ ಹುಡುಕಿ "ಲೇಗೆ" ಎನ್ನುತ್ತಾರೆ. "ಅಮ್ಮಾ, ಅಟ್ ಲೀಸ್ಟ್ ಹೀ ಈಸ್ ಟಾಕಿಂಗ್" ಅನ್ನುತ್ತಾನೆ ಚಿನ್ಮಯ್. ಹೌದು.

ಆಮೇಲೆ ನಾನು ಕನ್ನಡಕ್ಕೆ ಬರುತ್ತೇನೆ. ನಿನಗೆ ಗೊತ್ತು, ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಮದುವೆಯಲ್ಲಿ ಹೆಸರು ಹೇಳದೆ ಬಿಡುವುದಿಲ್ಲವೆಂದು ನೀವೆಲ್ಲ ಅಡ್ಡ ನಿಂತಾಗ ಒಂದು ಸಲ "ಇಂದು" ಅಂದದ್ದು. ಆಮೇಲೆ ಬರೀ "ಇವಳೇ". ಅದೊಂದು ಮರಳಿ ಬಂದರೆ ನನಗೆ ಸಾಕು. "ಇವ" ಎಂದು ನಿಲ್ಲಿಸಿ ಕಾಯುತ್ತೇನೆ. ಅವರು ವಿನಯದಿಂದ ನಗುತ್ತಾರೆ.

ನೀನು ಹೊರಟು ಬರುತ್ತೇನೆ ಎಂದಿದ್ದೀ. ಈಗ ಬೇಡ ಕಣೇ. ಆ ಒಂದು ಮಾತು ಬರಲಿ, ಆಮೇಲೆ ಬಾ. ಅಮೂಲ್ಯಳಿಗೆ ನನ್ನ ಆಶೀರ್ವಾದ ಹೇಳು. ನಿಮ್ಮ ಮನೆಯಲ್ಲಿ ಕರೆಯುವವರೂ ಓಗೊಡುವವರೂ ಸದಾ ಇರಲಿ.

ನಿನ್ನ ಅಕ್ಕ,
ಇಂದು

ತಾ.ಕ.: ಭಾವ ನಿನ್ನ ಗುರುತು ಹಿಡೀತಾರಾ ಎಂದು ಕೇಳಿದ್ದೆಯಲ್ಲ, ಮೇಲೆ ಉತ್ತರ ಬರೆಯಲಾಗಲಿಲ್ಲ. ನಿನ್ನೆ ಸಂಜೆ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದೆ. ನಾನು ಮೊದಲ ತುಂಡನ್ನು ಹೇಳಿಕೊಡದೆಯೇ "ಸ್ಯೂಕೆಪ್ಲೈಯರ್" ಎಂದು ಕರೆದರು, ಒಂದೇ ಉಸಿರಿನಲ್ಲಿ, ಒತ್ತು ಸರಿಯಾದ ಜಾಗದಲ್ಲಿ. ಕಿಟಕಿಯಾಚೆ ಕತ್ತಲಾಗುತ್ತಿರುವುದನ್ನು ತೋರಿಸಿ "ಗೋ ಯೆಮ್" ಎಂದರು. ಮನೆಗೆ ಹೋಗು ಎಂದು. ತುಂಬಾ ಅಕ್ಕರೆಯಿಂದ ಹೇಳಿದರು, ಲೀಲಾ. ನಾನು ಅಡುಗೆಮನೆಯವರೆಗೆ ಹೋದೆ.