ಬುದಾ ಹಸಿರು ಕಿತ್ತ ವರ್ಷ

ಬದಾಚೋನ್
೨೦೦೩, ಆಗಸ್ಟ್ ೨೫, ಸೋಮವಾರ

ಪ್ರೀತಿಯ ತಮ್ಮ ವೆಂದೆಲ್,

ಅಕ್ಕನ ಆಶೀರ್ವಾದಗಳು. ಹೇಗಿದ್ದೀಯ? ಬಲ ಹೆಬ್ಬೆರಳಿನ ನೋವು ಇಳಿಯಿತೇ? ಕಸಿ ಕಟ್ಟುವವನಿಗೆ ಹೆಬ್ಬೆರಳೇ ಬಂಡವಾಳ ಎಂದು ಅಪ್ಪ ಹೇಳುತ್ತಿದ್ದುದನ್ನು ಮರೆಯಬೇಡ. ಮಲಗುವ ಮೊದಲು ಹೆಬ್ಬಾತಿನ ಕೊಬ್ಬು ಸವರಿ ಬಟ್ಟೆ ಸುತ್ತಿಕೋ. ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯ ತಾನೆ? ನನ್ನ ಆರೋಗ್ಯ ಚೆನ್ನಾಗಿದೆ. ನೆಲಮಾಳಿಗೆಯ ಮೆಟ್ಟಿಲು ಇಳಿಯುವಾಗ ಮಾತ್ರ ಮೊಣಕಾಲು ತಕರಾರು ತೆಗೆಯುತ್ತದೆ. ಈ ವರ್ಷದ ಬಿಸಿಲಿನ ಬಗ್ಗೆ ಏನು ಹೇಳಲಿ! ಬಲಟೋನ್ ಸರೋವರ ಎಷ್ಟು ಬತ್ತಿದೆಯೆಂದರೆ, ದೋಣಿಕಟ್ಟೆಯಿಂದ ಇಳಿದು ಸಿಗರೇಟು ಮುಗಿಯುವಷ್ಟು ದೂರ ನಡೆದರೂ ಸೊಂಟ ನೆನೆಯುವುದಿಲ್ಲ. ಈಜಲು ಬಂದವರೆಲ್ಲ ಮುಖ ಊದಿಸಿಕೊಂಡು ನಮ್ಮ ಜಗಲಿಗೆ ಬಂದು, ನಮ್ಮ ರೀಸ್ಲಿಂಗ್ ವೈನಿಗೆ ಸೋಡಾ ಬೆರೆಸಿ ಕುಡಿದು ಹೋಗುತ್ತಾರೆ. ಅವರ ಸಿಟ್ಟು ನನ್ನ ಪಾಲಿಗೆ ವ್ಯಾಪಾರ.

ನೀನು ಕಳಿಸಿದ ಬಾಟಲಿಗಳೆಲ್ಲ ಒಡೆಯದೆ ತಲುಪಿವೆ. ಬಾಟಲಿ ಐದು, ಕಾಗದ ಸೊನ್ನೆ. ಕಸಿ ಕೆಲಸಕ್ಕೆಂದು ನೀನು ಯಾವ ಯಾವ ಊರಿಗೆ ಹೋದೆ ಎಂಬುದನ್ನು ಬಾಟಲಿಯ ಚೀಟಿ ಓದಿಯೇ ತಿಳಿದುಕೊಂಡೆ. ವಿಲ್ಲಾನಿಯ ಕೆಂಪು ವೈನನ್ನು ಪಕ್ಕದ ತೋಟದ ಕೊಲೊಶ್ ಒಂದು ಗುಟುಕು ಕುಡಿದು, "ಇದನ್ನ ಕುಡಿಯೋದಲ್ಲ ಕಣೇ, ಚಳಿಗಾಲದಲ್ಲಿ ಹೊದ್ಕೊಳೋದು" ಅಂದ. ಸೆಕ್ಸಾರ್ಡ್‌ನ ಕದರ್ಕಾ ವೈನು ನನಗೆ ಮೆಚ್ಚುಗೆಯಾಯಿತು. ಮೀನಿನ ಸಾರಿಗೆ ಮೆಣಸಿನಪುಡಿ ಸ್ವಲ್ಪ ಹೆಚ್ಚಾದ ದಿನ ಅದನ್ನು ತೆರೆದೆ. ತೆಳ್ಳಗೆ, ತುಸು ಖಾರವಾಗಿ, ಚೆನ್ನಾಗಿ ಹೊಂದಿತು. ಎಗೆರ್‌ನ ‘ಗೂಳಿರಕ್ತ’ ಎಂಬ ಕೆಂಪು ವೈನಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಮೂರು ನಾಲ್ಕು ಜಾತಿಯ ದ್ರಾಕ್ಷಿಯನ್ನು ಒಂದೇ ಪೀಪಾಯಿಗೆ ಹಾಕಿದರೆ ಯಾರ ಮಾತು ಯಾರಿಗೂ ಕೇಳಿಸದು ಎಂದು ಅಮ್ಮ ಅನ್ನುತ್ತಿದ್ದಳು, ಆದರೆ ಆ ಬಾಟಲಿಯೇ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. ತೊಕಾಯ್‌ನ ಸಿಹಿ ವೈನನ್ನು ಗುಟುಕು ಗುಟುಕಿನಷ್ಟೇ ಸುರಿದುಕೊಂಡು ಆಕ್ರೋಟಿನ ರೊಟ್ಟಿಯ ಜೊತೆ ಮೂರು ವಾರ ಕುಡಿದೆ. ಆ ಸಿಹಿಗಾಗಿ, ಬಳ್ಳಿಯಲ್ಲೇ ಕೊಳೆತು ಒಣಗಿದ ಹಣ್ಣನ್ನು ಒಂದೊಂದಾಗಿ ಬಿಡಿಸುವಷ್ಟು ತಾಳ್ಮೆ ಇರುವ ಜನರ ನಡುವೆ ನೀನಿದ್ದೀಯ, ನನಗೆ ಅದೇ ಸಮಾಧಾನ. ಇನ್ನು ಆ ಶೊಮ್ಲೋ ಗುಡ್ಡದ ‘ಕುರಿಬಾಲ’ ದ್ರಾಕ್ಷಿಯ ವೈನು! ಅದರ ಗೊಂಚಲಿಗೆ ಆ ಹೆಸರು ಇಟ್ಟವನಿಗೆ ಕಣ್ಣಿತ್ತು. ಕುಡಿದರೆ ಸುಟ್ಟ ಕಲ್ಲು ನೆಕ್ಕಿದ ಹಾಗೆ. ಗಂಡುಮಗು ಆಗಲೆಂದು ಹೊಸ ಮದುವೆಯ ಗಂಡ ಹೆಂಡತಿ ಕುಡಿಯಬೇಕಾದ ವೈನನ್ನು ಐವತ್ತೆಂಟು ವರ್ಷದ ವಿಧವೆಗೆ ಯಾಕೆ ಕಳಿಸಿದೆಯೋ, ಪೆದ್ದ!

ನೋಡು, ಮದುವೆಯ ಮಾತು ನನ್ನ ಕೈಯಿಂದಲೇ ಬಂದುಬಿಟ್ಟಿತಲ್ಲ. ಹೋಗಲಿ, ಬಂದದ್ದು ಬಂತು. ನಾನು ‘ಬುದಾ ಹಸಿರು’ ಜಾತಿಯ ದ್ರಾಕ್ಷಿಯ ನಾಲ್ಕು ಸಾಲು ಕೀಳಿಸಿ ರೀಸ್ಲಿಂಗ್ ನೆಡುತ್ತೇನೆಂದು ಹಟ ಹಿಡಿದದ್ದಕ್ಕೆ ನೀನು ಮನೆ ಬಿಟ್ಟೆ ಎಂದು ಊರು ನಂಬಿದೆ. ನಂಬಿಸಿದವಳು ನಾನೇ. ನಿಜ ಏನೆಂದು ನಿನಗೂ ಗೊತ್ತು, ನನಗೂ ಗೊತ್ತು. ದೋಣಿಕಟ್ಟೆಯಲ್ಲಿ ಮೀನು ಕರಿದು ಮಾರುವವಳನ್ನು, ಅವಳ ಪುಟ್ಟ ಮಗಳ ಸಮೇತ, ಮದುವೆಯಾಗುತ್ತೇನೆಂದು ನೀನು ಮನೆಗೆ ಕರೆತಂದೆ. ಅವರಿಬ್ಬರೂ ಹೊಸ್ತಿಲಾಚೆ ನಿಂತಿರುವಾಗಲೇ ನಾನು, "ಅಮ್ಮನ ಮನೇಲಿ ಕರಿದ ಎಣ್ಣೆ ವಾಸನೆ ನಂಗೆ ಬೇಡ" ಅಂದೆ. ಮಗು ತನ್ನ ಕೋಟಿನ ತೋಳನ್ನು ಮೂಸಿ ನೋಡಿಕೊಂಡಿತು. ನೀನು ಜಗಳಕ್ಕೂ ಬರಲಿಲ್ಲ. "ಅಕ್ಕಾ, ಬುದಾ ಹಸಿರನ್ನಾದ್ರೂ ಬಿಡು. ಅದಿಲ್ದಿದ್ರೆ ನೀಲಿತೊಟ್ಟು ದ್ರಾಕ್ಷಿ ಕಾಯಿ ಕಚ್ಚಲ್ಲ" ಎಂದಷ್ಟೇ ಹೇಳಿ ಅವರ ಜೊತೆ ಹೊರಟುಹೋದೆ. ಆ ಸಿಟ್ಟಿಗೇ ನಾನು ಮರುವಾರ ನಾಲ್ಕೂ ಸಾಲು ಕೀಳಿಸಿದೆ. ಏಪ್ರಿಲ್‌ನಲ್ಲಿ ನಿಮ್ಮ ಮದುವೆಯ ಕರೆ ಬಂದಾಗ ಬೆನ್ನುನೋವು ಎಂದು ಬರೆದು ಕಳಿಸಿದೆ. ನನ್ನ ಬೆನ್ನು ಅಂದು ನೆಟ್ಟಗೇ ಇತ್ತು.

ನೀಲಿತೊಟ್ಟಿನದು ಹೆಣ್ಣುಹೂವು, ಪಕ್ಕದಲ್ಲಿ ಬೇರೆ ಜಾತಿಯ ಬಳ್ಳಿ ಅದೇ ವಾರ ಹೂವು ಬಿಡದಿದ್ದರೆ ಬಂಜೆಯಾಗಿಯೇ ಉಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅಮ್ಮನ ಕೈಹಿಡಿದು ಆ ಸಾಲುಗಳ ನಡುವೆ ನಡೆದವಳು ನಾನು. ಆದರೆ ಹಿತ್ತಲ ಗಿಡ ಮದ್ದಲ್ಲ ನೋಡು. ಬುದಾ ಹಸಿರಿನ ವೈನನ್ನು ಕೇಳಿ ಕುಡಿಯುವವರು ಯಾರೂ ಇಲ್ಲ, ಗೊಬ್ಬರ ಮಾತ್ರ ತಿನ್ನುತ್ತದೆ ಎಂದುಕೊಂಡೆ. ಗೋಡೆಯಾಚೆ ಕೊಲೊಶ್‌ನ ತೋಟದಲ್ಲಿ ಮೂರು ಸಾಲು ಇದೆ, ಗಾಳಿ ಹೇಗೂ ಆ ಕಡೆಯಿಂದಲೇ ಬೀಸುತ್ತದೆ, ಅವನ ಹೂವಿನ ಪುಡಿಯಲ್ಲೇ ನಮ್ಮ ಕೆಲಸ ಆಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಅವನ ಆ ಸಾಲುಗಳು ತಿರುವಿನ ಕೆಳಗೆ, ನಮಗೆ ಕಾಣುವುದಿಲ್ಲ. ನಮ್ಮವು ಕಾಡಿನಂಚಿಗೆ, ಅವನಿಗೆ ಕಾಣುವುದಿಲ್ಲ. ಜೂನ್ ಮೊದಲ ವಾರ ನೀಲಿತೊಟ್ಟು ಹೂವು ಬಿಟ್ಟ ಮೂರನೆಯ ದಿನ ಕೊಲೊಶ್ ಗೋಡೆಗೆ ಒರಗಿ ನಿಂತು, "ಎತೆಲ್ಕಾ, ನಿಮ್ಮ ಬುದಾ ಹಸಿರು ಹೂವು ಬಿಡ್ತಾ?" ಅಂತ ಕೇಳಿದ.

"ಅದನ್ನ ಚಳಿಗಾಲದಲ್ಲೇ ಕಿತ್ತು ಹಾಕಿಸ್ದೆ. ನಿಮ್ದಿದೆಯಲ್ಲ" ಅಂದೆ.

ಅವನ ಮುಖ ನೀನು ನೋಡಬೇಕಿತ್ತು. "ಅಯ್ಯೋ ಮಾರಾಯ್ತಿ, ನಾನೂ ಕಿತ್ತೆ! ನಿಮ್ದಿದೆಯಲ್ಲ ಅಂತಾನೇ ಕಿತ್ತೆ!"

ಗೋಡೆಯ ಈಚೆ ನಾನು, ಆಚೆ ಅವನು, ಇಬ್ಬರೂ ಹಣೆ ಹಣೆ ಚಚ್ಚಿಕೊಂಡೆವು. ಆಮೇಲೆ ಅವನ ಟ್ರ್ಯಾಕ್ಟರ್ ಹತ್ತಿ ಗುಡ್ಡದ ಸುತ್ತ ಮನೆಮನೆ ಅಲೆದೆವು. ಬಿಸಿಲಿಗೆ ಎಲ್ಲರ ಬಳ್ಳಿಯ ಹೂವೂ ಉದುರಿ ಮುಗಿದಿತ್ತು. ನಮ್ಮ ರೀಸ್ಲಿಂಗ್ ಎಂದಿನಂತೆ ಸೋಮಾರಿ, ಇನ್ನೂ ಮೊಗ್ಗಿನಲ್ಲೇ ಇತ್ತು. ಅಂಚೆಯವಳು ಹೇಳಿದಳು, ಆಬ್ರಹಾಮ್‌ಹೆಗ್ ಊರಿನಲ್ಲಿ ಆಕ್ರೋಟು ಮರದ ನೆರಳಿನಲ್ಲಿ ಒಂದು ಹಳೆಯ ಚಪ್ಪರವಿದೆ, ಅಲ್ಲಿ ಬುದಾ ಹಸಿರು ಈಗ ತಾನೇ ಹೂವು ಬಿಟ್ಟಿದೆ ಎಂದು. ಯಾರ ಮನೆ ಎಂದು ಕೇಳಿದೆ. ಬೋರಿಶ್ಕಾ ಅಜ್ಜಿಯ ಮನೆ ಅಂದಳು. ಹೌದಪ್ಪ, ಈಗ ನಿನ್ನ ಅತ್ತೆಯಾದವಳ ಮನೆ.

ಕೊಲೊಶ್‌ನನ್ನೇ ಒಳಗೆ ಕಳಿಸೋಣ ಎಂದುಕೊಂಡೆ. "ನನ್ನ ತೋಟದ ಪಾಪ ನಾನು ಹೊರ್ತೀನಿ, ನಿನ್ನದು ನೀನೇ ಹೊತ್ಕೋ" ಅಂದುಬಿಟ್ಟ. ಬಕೆಟ್ ಹಿಡಿದು ಅವಳ ಅಂಗಳದಲ್ಲಿ ನಿಂತೆ. ಅಜ್ಜಿ ಬಟಾಣಿ ಬಿಡಿಸುತ್ತಿದ್ದಳು, ಏಳಲಿಲ್ಲ. ನಾನು ತೊದಲುತ್ತ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ತಲೆಯನ್ನೂ ಎತ್ತದೆ, "ಹಾಗಾದ್ರೆ ನಮ್ಮನೆ ಹೂವು ನಿಮಗಾಗತ್ತೆ, ನಮ್ಮನೆ ಮಗಳು ಆಗಲ್ಲ, ಅಲ್ವಾ?" ಅಂದಳು.

ವೆಂದೆಲ್, ನನ್ನ ಬಾಯಿ ನಿನಗೆ ಗೊತ್ತು. ಎದುರು ಮಾತಿಗೆ ಎಂದೂ ಬರ ಬಂದದ್ದಿಲ್ಲ. ಆದರೆ ಅಂದು ಬಕೆಟ್ ಕೆಳಗಿಟ್ಟು ಅತ್ತುಬಿಟ್ಟೆ. ಮುದುಕಿ ನನ್ನನ್ನು ಸಮಾಧಾನವೂ ಮಾಡಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬಟಾಣಿ ಮುಗಿಸಿ ಎದ್ದು, ಕತ್ತರಿ ತಂದು, ಹೂವಿದ್ದ ಕುಡಿಗಳನ್ನು ತಾನೇ ಕತ್ತರಿಸಿ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿದಳು. "ನಿಂಗೆ ಹೂವಿಗೆ ಹೂವು ಬಡಿಯೋಕೆ ಬರಲ್ಲ, ಎಲ್ಲ ಹಾಳು ಮಾಡ್ತೀಯ" ಎಂದು ಗೊಣಗುತ್ತ ಟ್ರ್ಯಾಕ್ಟರ್ ಹತ್ತಿ ಕುಳಿತೇಬಿಟ್ಟಳು. ಎಂಬತ್ತೊಂದು ವರ್ಷ ಅವಳಿಗೆ! ಮೂರು ಬೆಳಗ್ಗೆ, ಇಬ್ಬನಿ ಆರಿದ ಮೇಲೆ, ನಾವು ಮೂವರೂ ಸಾಲುಗಳ ನಡುವೆ ಪುಡಿ ಉದುರುವಂತೆ ಆ ಕುಡಿಗಳನ್ನು ನೀಲಿತೊಟ್ಟಿನ ಹೂವಿನ ಮೇಲೆ ಮೆಲ್ಲಗೆ ಬಡಿಯುತ್ತ ನಡೆದೆವು. ದಾರಿಹೋಕರು ನಕ್ಕರು. ಪಾದ್ರಿಯವರು ಸೈಕಲ್ ನಿಲ್ಲಿಸಿ, "ಪವಿತ್ರ ಜಲ ಚಿಮುಕಿಸೋದು ನನ್ನ ಕೆಲಸ ಅಂದ್ಕೊಂಡಿದ್ದೆ" ಅಂದರು. ಅಜ್ಜಿ ಮಾತ್ರ ಇಡೀ ಹೊತ್ತು ನನ್ನನ್ನು ಬೈಯುತ್ತಿದ್ದಳು: "ಮೆಲ್ಲಗೆ ಅಂದ್ನಲ್ಲ, ಕಂಬಳಿ ಕೊಡವ್ತಿದ್ದೀಯೇನೇ?" ಅಮ್ಮ ಹೋದ ಮೇಲೆ ನನ್ನನ್ನು ಹಾಗೆ ಬೈದವರು ಯಾರೂ ಇರಲಿಲ್ಲ. ನನಗೆ ಹಿತವಾಯಿತು.

ಫಲ ಹೇಳಿಬಿಡುತ್ತೇನೆ. ಅರ್ಧಕ್ಕರ್ಧ ಕಾಯಿ ಕಚ್ಚಿದೆ. ಗೊಂಚಲುಗಳು ಹಲ್ಲು ಬಿದ್ದ ಮಕ್ಕಳ ಬಾಯಿಯ ಹಾಗೆ, ಅಲ್ಲೊಂದು ಇಲ್ಲೊಂದು. ಒಂದು ಪೀಪಾಯಿ ವೈನು ಆಗಬಹುದು, ಅಷ್ಟೇ. ಆದರೂ ಆ ಕಾಯಿಗಳನ್ನು ನೋಡಲು ನಾನು ದಿನಕ್ಕೆರಡು ಸಲ ಹೋಗುತ್ತೇನೆ. ಹೊಸ ರೀಸ್ಲಿಂಗ್ ಸಸಿಗಳನ್ನು ನೆಡಲಿಲ್ಲ, ಕೊಲೊಶ್‌ಗೆ ಕೊಟ್ಟುಬಿಟ್ಟೆ. ಕಿತ್ತ ಜಾಗ ಹಾಗೆಯೇ ಬಯಲಾಗಿ ಬಿದ್ದಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಿಜವೇ. ಆದರೆ ಸಾಲು ಕಿತ್ತರೆ ಮತ್ತೆ ನೆಡಬಹುದು ಎಂಬ ಒಂದು ಆಸೆಯನ್ನು ಇಟ್ಟುಕೊಂಡಿದ್ದೇನೆ. ಚಳಿಗಾಲದಲ್ಲಿ ತನ್ನ ಚಪ್ಪರದಿಂದ ಎಷ್ಟು ಕಡ್ಡಿ ಬೇಕಾದರೂ ಕತ್ತರಿಸಿಕೋ ಎಂದು ಅಜ್ಜಿ ಹೇಳಿದ್ದಾಳೆ. "ಕಸಿ ಕಟ್ಟೋನನ್ನ ಮಾತ್ರ ನೀನೇ ಕರೀಬೇಕು, ನಾನು ಕರೆಯಲ್ಲ" ಅಂತಲೂ ಹೇಳಿದ್ದಾಳೆ.

ಊಟ ತಿಂಡಿ ಹೊತ್ತಿಗೆ ಸರಿಯಾಗಿ ಮಾಡು. ಹೆಬ್ಬೆರಳು ಜೋಪಾನ. ನಿನ್ನನ್ನು ದ್ರಾಕ್ಷಿತೋಟ ಕಾಯುವ ಸಂತ ಊರ್ಬಾನ್ ಕಾಯಲಿ. ಅವನಿಗೆ ದ್ರಾಕ್ಷಿಯ ಕೆಲಸ ಮುಗಿದು ಪುರುಸೊತ್ತಾದಾಗ ನನ್ನನ್ನೂ ಒಮ್ಮೆ ನೋಡಲಿ.

ನಿನ್ನ ಬಾಯಿಬಡುಕಿ ಅಕ್ಕ,
ಎತೆಲ್ಕಾ

ತಾ.ಕ.: ಅಂಚೆಯವಳು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ. ನೀಲಿತೊಟ್ಟಿನ ಕೊಯ್ಲು ಸೆಪ್ಟೆಂಬರ್ ೨೭, ಶನಿವಾರ. ಮೇಲಿನ ದೊಡ್ಡ ಕೋಣೆಗೆ ಸುಣ್ಣ ಹೊಡೆಸಿದ್ದೇನೆ, ಪಕ್ಕದಲ್ಲಿ ಮಗುವಿಗೊಂದು ಮಂಚ ಹಾಕಿಸಿದ್ದೇನೆ. ಇನ್ನು ಇದು ನಿನಗಲ್ಲ, ಕಾಗದವನ್ನು ಅವಳ ಕೈಗೆ ಕೊಡು. ಯುಸ್ತಿನಾ, ಹೊಸ್ತಿಲಲ್ಲಿ ನಿಲ್ಲಿಸಿ ನಿನಗೂ ಮಗಳು ಚೆಂಗೆಗೂ ನಾನು ಆಡಿದ ಮಾತು ತಪ್ಪು. ಕ್ಷಮಿಸಮ್ಮಾ. ಇವನು ನನ್ನ ತಮ್ಮ, ಹಟದಲ್ಲಿ ನನಗಿಂತ ಒಂದು ಕೈ ಮೇಲು. ಬರುವುದಿಲ್ಲ ಅಂದರೆ ಅವನನ್ನು ಅಲ್ಲೇ ಬಿಟ್ಟು, ಮಗುವನ್ನು ಕರೆದುಕೊಂಡು ನೀನು ಬಾ.